ಅನಿಯೆಲ್ಲೊನ ಮೂವತ್ತನಾಲ್ಕು ಇಂಚು

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಮೆಣಸಿನ ಕಾಳು.

ಶುಕ್ರವಾರ ಸಂಜೆ ಅನಿಯೆಲ್ಲೊ ಎಂದಿನಂತೆ ಮಗಳು ತಿತಿನಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಹದಿನಾಲ್ಕು ವರ್ಷದ ಹುಡುಗಿ ಐದು ನಿಮಿಷ ಆಡಿದಳು. ಆಮೇಲೆ ಕಣ್ಣು ಕಿರಿದು ಮಾಡಿ, ಪರದೆಗೆ ಮೂಗು ತಾಗಿಸಿ, "ಅಪ್ಪಾ, ನಿನ್ನ ಈ ಮಾನಿಟರಲ್ಲಿ ಚೆಂಡು ಮೆಣಸಿನ ಕಾಳಿನಷ್ಟು ಕಾಣ್ತದೆ. ಇದನ್ನ ಒದೆಯೋದಾ, ಹೆಕ್ಕಿ ಡಬ್ಬಿಗೆ ಹಾಕೋದಾ?" ಅಂದಳು. ಅಂದವಳೇ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಎದುರುಗಡೆ ಮಾವನ ಮನೆಗೆ ಹೊರಟುಬಿಟ್ಟಳು.

ಮಾವ ಅಂದರೆ ಬಿಯಾಜೊ. ಅನಿಯೆಲ್ಲೊನ ಹೆಂಡತಿ ಅಸ್ಸುಂತಾಳ ಅಣ್ಣ. ಮದುವೆಯಾಗದ ಒಂಟಿ ಜೀವ, ಮನೆಯಲ್ಲೇ ಕೂತು ಕೋಟು ಹೊಲಿಯುವ ದರ್ಜಿ. ನಾಪೊಲಿ ನಗರದ ಆ ಗಲ್ಲಿ ಎಷ್ಟು ಕಿರಿದೆಂದರೆ ಈ ಮನೆಯ ಕಿಟಕಿಯಿಂದ ಆ ಮನೆಯ ಕಿಟಕಿಗೆ ಉಪ್ಪಿನ ಡಬ್ಬಿ ದಾಟಿಸಬಹುದು. ಅನಿಯೆಲ್ಲೊ ನಾಲ್ಕನೇ ಮಹಡಿ, ಬಿಯಾಜೊ ಎದುರು ಮನೆಯ ಮೂರನೇ ಮಹಡಿ. ಹೋದ ತಿಂಗಳು ಬಿಯಾಜೊ ಒಂದು ದೊಡ್ಡ ಮಾನಿಟರ್ ತಂದು ಕಿಟಕಿ ಪಕ್ಕದಲ್ಲೇ ಇಟ್ಟಿದ್ದ. ಅಂದಿನಿಂದ ಅನಿಯೆಲ್ಲೊನ ಸಂಜೆಗಳು ಕೆಟ್ಟವು. ತನ್ನ ಕಿಟಕಿಗೆ ಬಂದು ಬಗ್ಗಿದರೆ ಸಾಕು, ಕೆಳಗೆ ಭಾವನ ಕೋಣೆಯಲ್ಲಿ ಹಸಿರು ಮೈದಾನ ಝಗಝಗ ಹೊಳೆಯುತ್ತದೆ. ಅದರ ಮುಂದೆ ಅವನ ಮಗಳ ನೆತ್ತಿ. ಆ ನೆತ್ತಿ ಅವನ ಪಕ್ಕ ಕೂತಿರಬೇಕಾದ ನೆತ್ತಿ.

ಅನಿಯೆಲ್ಲೊ ಗುಡ್ಡ ಹತ್ತಿಳಿಯುವ ಹಗ್ಗದ ರೈಲಿನಲ್ಲಿ ಬಾಗಿಲು ಹಾಕಿ ತೆಗೆಯುವ ಕೆಲಸದವನು. ದಿನಕ್ಕೆ ನಲವತ್ತು ಸಲ ಮೇಲೆ ಹೋಗಿ ನಲವತ್ತು ಸಲ ಕೆಳಗೆ ಬಂದು, ಎಲ್ಲಿಗೂ ಹೋಗದೆ ಮನೆಗೆ ಬರುವವನು. ಅಂಥವನಿಗೆ ಸಂಜೆ ಮಗಳ ಜೊತೆ ಒಂದು ಗಂಟೆ ಆಡುವುದೇ ಪ್ರಯಾಣ. ಅದನ್ನೂ ಭಾವ ಕಿತ್ತುಕೊಂಡರೆ?

ರಾತ್ರಿ ಹೊಟ್ಟೆಯಲ್ಲಿ ಕೆಂಡ ಹಾಕಿಕೊಂಡು ಮಲಗಿದವನು ಶನಿವಾರ ಬೆಳಿಗ್ಗೆ ಎದ್ದವನೇ ಘೋಷಿಸಿದ: "ಇವತ್ತು ನಂಗೆ ರಜೆ. ಇವತ್ತೇ ಹೊಸ ಮಾನಿಟರ್ ತರ್ತೀನಿ."

ಅಸ್ಸುಂತಾ ಕಾಫಿ ಬಗ್ಗಿಸುತ್ತ, "ತನ್ನಿ, ಬೇಡ ಅಂದೋರ್ಯಾರು? ಆದ್ರೆ ಬರೀ ಚೆಂಡು ಒದೆಯೋಕೆ ಅಂತ ತರಬೇಡಿ. ದಿನಬಳಕೆಗೂ ಬರ್ಬೇಕು. ಕರೆಂಟ್ ಬಿಲ್ಲಿನ ಅಕ್ಷರ ಕಾಣ್ಬೇಕು. ಜರ್ಮನೀಲಿರೋ ನನ್ನ ತಂಗಿ ಮುಖ ಕಾಣ್ಬೇಕು. ಈಗಿರೋದ್ರಲ್ಲಿ ಅವಳು ಅಂಚೆಚೀಟಿ ಮೇಲಿನ ರಾಣಿ ಥರ ಕಾಣ್ತಾಳೆ," ಅಂದಳು.

"ಕಾಣ್ತದೆ, ಕಾಣ್ತದೆ. ಎಲ್ಲಾ ಕಾಣ್ತದೆ. ನಿಮ್ಮಣ್ಣಂಗೂ ಕಾಣ್ತದೆ!"

"ನಮ್ಮಣ್ಣಂಗೆ ಯಾಕೆ ಕಾಣ್ಬೇಕು?"

ಅನಿಯೆಲ್ಲೊ ಕಾಫಿ ಕುಡಿದು ಭಾವನ ಮನೆಗೆ ನಡೆದ. ದೊಡ್ಡದು ತರಬೇಕೆಂದರೆ ಅದು ಯಾವುದಕ್ಕಿಂತ ದೊಡ್ಡದು ಅನ್ನುವುದು ಮೊದಲು ಗೊತ್ತಾಗಬೇಕಲ್ಲ.

ಬಿಯಾಜೊ ಬಾಗಿಲು ತೆಗೆದು, "ಬಾ ಬಾ, ಕಾಫಿ ಇಡ್ತೀನಿ," ಅಂತ ಒಳಗೆ ಹೋದದ್ದೇ ತಡ, ಅನಿಯೆಲ್ಲೊ ಮಾನಿಟರಿನ ಮೇಲೆ ಬಿದ್ದ. ಗೇಣು ಹಾಕಿ ಅಳೆಯತೊಡಗಿದ. ಎಡತುದಿಯಿಂದ ಒಂದು ಗೇಣು, ಎರಡು ಗೇಣು... ಮೂರನೇ ಗೇಣಿಗೆ ಎಡಗೈ ಜಾರಬಾರದೆಂದು ಕೆನ್ನೆಯನ್ನೇ ಪರದೆಗೆ ಒತ್ತಿ ಹಿಡಿದುಕೊಂಡ. ಅದೇ ಹೊತ್ತಿಗೆ ಬಿಯಾಜೊ ಎರಡು ಲೋಟ ಹಿಡಿದು ಬಂದು ನಿಂತ.

"ಏನೋ ಮಾರಾಯ, ಯಾಕೆ ತಬ್ಕೊಂಡಿದೀಯ?"

"ಏನಿಲ್ಲ ಭಾವ... ಬಿಸಿಯಾಗ್ತದಾ ಅಂತ ನೋಡ್ತಿದ್ದೆ."

"ಅಳೆಯೋದಾದ್ರೆ ಟೇಪು ತಗೋ. ದರ್ಜಿ ಮನೇಲಿ ಗೇಣು ಯಾಕೆ?" ಬಿಯಾಜೊ ಕೊರಳಲ್ಲಿದ್ದ ಟೇಪನ್ನು ತೆಗೆದು ಕೊಟ್ಟ. "ಅಡ್ಡಕ್ಕೆ ಅಳೀಬೇಡ. ಇದನ್ನ ಓರೆಯಾಗಿ ಅಳೆಯೋದು, ಈ ಮೂಲೆಯಿಂದ ಆ ಮೂಲೆಗೆ. ಇಪ್ಪತ್ತೇಳು ಇಂಚು. ಕೇಳಿದ್ರೆ ನಾನೇ ಹೇಳ್ತಿದ್ನಲ್ಲೋ."

ಅನಿಯೆಲ್ಲೊನಿಗೆ ಸಿಟ್ಟು ಬಂದದ್ದು ಅಲ್ಲೇ. ಬಚ್ಚಿಟ್ಟಿದ್ದರೆ ಕದ್ದು ತಿಳಿದುಕೊಂಡ ಸುಖವಾದರೂ ಸಿಗುತ್ತಿತ್ತು. ಈ ಮನುಷ್ಯ ಅದನ್ನೂ ಕೈಗೆತ್ತಿ ಕೊಡುತ್ತಾನೆ.

ಸಾಲದ್ದಕ್ಕೆ ಬಿಯಾಜೊ ಕೂರಿಸಿಕೊಂಡು ಬುದ್ಧಿಮಾತು ಬೇರೆ ಹೇಳಿದ. "ನಿಂಗೂ ಇಷ್ಟೇ ಸಾಕು ನೋಡು. ನಿಮ್ಮ ಮನೆ ಮೇಜಿನ ಅಗಲ ಕಮ್ಮಿ. ಅದ್ರ ಮೇಲೆ ಇನ್ನೂ ದೊಡ್ಡದಿಟ್ರೆ ಈ ಕಡೆ ಚೆಂಡು, ಆ ಕಡೆ ಗೋಲು, ಕತ್ತು ತಿರುಗಿಸಿ ತಿರುಗಿಸಿ ಸಾಯ್ತೀಯ. ಅಕ್ಷರ ಚೊಕ್ಕಟವಾಗಿ ಕಾಣೋದು ತಗೋ, ಅಸ್ಸುಂತಾಗೆ ಬೇಕಾಗ್ತದೆ. ಚಿತ್ರ ಬೇಗ ಬೇಗ ಬದಲಾಗೋದು ತಗೋ, ತಿತಿನಾಗೆ ಬೇಕಾಗ್ತದೆ. ಇಂಚು ನೋಡಿ ಮರುಳಾಗ್ಬೇಡ."

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಹೊಟ್ಟೆ ಉರಿಯುವವನ ಕಿವಿಗೆ ಬೇರೆ ಅರ್ಥವೇ ಕೇಳುತ್ತದೆ. 'ಓಹೋ, ನಾನು ಇವನನ್ನ ಮೀರಿಸ್ಬಾರ್ದು ಅಂತ ಹೇಳ್ತಿದಾನೆ,' ಅಂದುಕೊಂಡ ಅನಿಯೆಲ್ಲೊ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ನಾಲಿಗೆ ಸುಟ್ಟುಕೊಂಡು, ಇಳಿದು ಹೋದ.

ಅಂಗಡಿಯಲ್ಲಿ ಮಾನಿಟರುಗಳು ಗೋಡೆಯ ತುಂಬ ಸಾಲಾಗಿ ನಿಂತಿದ್ದವು. ಮಾರುವ ಹುಡುಗಿ ನಗುನಗುತ್ತ ಬಂದಳು.

"ಯಾವುದಕ್ಕೆ ಬೇಕು ಸರ್? ಆಟಕ್ಕಾ, ಕೆಲಸಕ್ಕಾ?"

"ಎರಡಕ್ಕೂ."

"ನೋಡೋರು ಎಷ್ಟು ದೂರದಲ್ಲಿ ಕೂರ್ತಾರೆ?"

"ಎರಡು ಮಾರು ದೂರ. ಒಂದು ಮಹಡಿ ಕೆಳಗೆ."

ಹುಡುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೇಜಿನ ಮುಂದೆ ಕೂರೋರು ಸರ್?"

"ಅವರಾ? ಅವರು ಹತ್ತಿರಾನೇ ಇರ್ತಾರೆ ಬಿಡಿ."

ಅನಿಯೆಲ್ಲೊ ಅಂಗಡಿಯ ಆ ಕೊನೆಗೆ ಹೋಗಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಭಾವ ತನ್ನ ಕಿಟಕಿಯಿಂದ ಮೇಲಕ್ಕೆ ನೋಡಿದರೆ ಹೇಗೆ ಕಾಣಬಹುದೆಂದು ಒಂದೊಂದನ್ನೇ ಪರೀಕ್ಷಿಸಿದ. ಬಂದ ಗಿರಾಕಿಗಳು ಅವನನ್ನು ದಾಟಿಕೊಂಡು ಹೋದರು. ಕೊನೆಗೆ ಅವನ ಕಣ್ಣು ಒಂದರ ಮೇಲೆ ನೆಟ್ಟಿತು. ಉದ್ದ ಅಂದರೆ ಉದ್ದ, ನಡುವೆ ಸ್ವಲ್ಪ ಬಾಗಿದ್ದು, ತೆಕ್ಕೆಗೆ ಕರೆಯುವ ಅತ್ತೆಯ ತೋಳುಗಳ ಹಾಗಿತ್ತು.

"ಮೂವತ್ತನಾಲ್ಕು ಇಂಚು ಸರ್. ಆಟಕ್ಕೆ ತುಂಬಾ ಚೆನ್ನಾಗಿದೆ. ಆದ್ರೆ ಒಂದ್ ಮಾತು, ಇದರ ಎತ್ತರ ಇಪ್ಪತ್ತೇಳರಷ್ಟೇ. ಅಗಲ ಮಾತ್ರ ಜಾಸ್ತಿ. ಎತ್ತರಾನೂ ಬೇಕು ಅಂದ್ರೆ ಈ ಮೂವತ್ತೆರಡು ನೋಡಿ, ದಿನಬಳಕೆಗೆ ಇದೇ ಅನುಕೂಲ."

ಅನಿಯೆಲ್ಲೊ ಧರ್ಮಸಂಕಟಕ್ಕೆ ಬಿದ್ದ. ಎತ್ತರವಾದದ್ದು ಹೆಚ್ಚು ಉರಿಸುತ್ತದೋ, ಅಗಲವಾದದ್ದೋ? ಗಡ್ಡ ಕೆರೆದುಕೊಂಡು ಯೋಚಿಸಿದ. ಕೊನೆಗೆ ಸಂಖ್ಯೆಯೇ ಗೆದ್ದಿತು. ಭಾವ ಕೇಳಿದಾಗ ಬಾಯಲ್ಲಿ ಹೇಳಬೇಕಾದದ್ದು ಸಂಖ್ಯೆ ತಾನೇ? ಮೂವತ್ತನಾಲ್ಕು!

ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಗಲ್ಲಿಗೆ ಬಂದಾಗ ಮಧ್ಯಾಹ್ನ ನಾಲ್ಕು. ಒಳ್ಳೆಯ ಅಗಲವಾದ ಕಲ್ಲಿನ ಮೆಟ್ಟಿಲು ಅವನ ಮುಂದೆಯೇ ಇತ್ತು. ನಾಲ್ಕು ಮಹಡಿ ಹತ್ತಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೆಟ್ಟಿಲ ಮೇಲೆ ಹೊತ್ತುಕೊಂಡು ಹೋದರೆ ನೋಡುವವರು ಯಾರು? ಎರಡನೇ ಮಹಡಿಯ ಬೆಕ್ಕು ನೋಡೀತು, ಅಷ್ಟೇ.

ಅವನು ತಲೆಯೆತ್ತಿ ಕೂಗಿದ: "ಅಸ್ಸುಂತಾ! ಬುಟ್ಟಿ ಬಿಡೇ!"

ಆ ಗಲ್ಲಿಯಲ್ಲಿ ಎಲ್ಲರ ಕಿಟಕಿಗೂ ಹಗ್ಗ ಕಟ್ಟಿದ ಒಂದು ಬುಟ್ಟಿ ಇರುತ್ತದೆ. ಬ್ರೆಡ್ಡು, ತರಕಾರಿ, ಪತ್ರಿಕೆ, ಮನೆ ಬೀಗದ ಕೈ, ಎಲ್ಲ ಅದರಲ್ಲೇ ಮೇಲೇರುವುದು, ಕೆಳಗಿಳಿಯುವುದು. ಮೊಣಕಾಲು ನೋವಿನವರು ಅದಿಲ್ಲದೆ ಬದುಕಲಾರರು. ಆದರೆ ಇದುವರೆಗೆ ಅದರಲ್ಲಿ ಯಾರೂ ಮಾನಿಟರ್ ಏರಿಸಿರಲಿಲ್ಲ.

ಅಸ್ಸುಂತಾ ಮೇಲಿನಿಂದ ಬಗ್ಗಿ, "ರೀ, ತಲೆ ಕೆಟ್ಟಿದ್ಯಾ? ಮೆಟ್ಟಿಲಿಗೇನು ಬಂದಿದೆ ರೋಗ?" ಅಂದಳು.

"ಮೆಟ್ಟಿಲ ಮೇಲೆ ತಗುಲ್ತದೆ, ನಾಜೂಕು ಸಾಮಾನು! ನೀನು ಬುಟ್ಟಿ ಬಿಡು, ಆಮೇಲೆ ನೋಡು."

ಬುಟ್ಟಿ ಇಳಿಯಿತು. ಗಲ್ಲಿ ಎದ್ದು ಕೂತಿತು. ತನ್ನ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಬೀನ್ಸ್ ಸುಲಿಯುತ್ತಿದ್ದ ಒರ್ಸೊಲಜ್ಜಿ ಸುಲಿಯುವುದನ್ನು ನಿಲ್ಲಿಸಿದಳು. ಕಾಫಿ ಅಂಗಡಿಯ ತೊತೊನ್ನೊ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಪೆಟ್ಟಿಗೆ ಬುಟ್ಟಿಯೊಳಗೆ ಹಿಡಿಸಲಿಲ್ಲ. ಆನೆಯ ಮೇಲಿನ ಅಂಬಾರಿಯ ಹಾಗೆ ಅದನ್ನು ಬುಟ್ಟಿಯ ಮೇಲೆ ಕೂರಿಸಿ, ಬಟ್ಟೆ ಒಣಗಿಸುವ ಹಗ್ಗದಿಂದ ಸುತ್ತಿ ಕಟ್ಟಬೇಕಾಯಿತು.

"ಗಂಟು ಸರಿಯಿಲ್ಲ ಕಣೋ," ಅಂದ ತೊತೊನ್ನೊ.

"ನಿನ್ನ ಕಾಫಿ ಸರಿಯಿಲ್ಲ, ನಾನೇನಾದ್ರೂ ಅಂದಿದೀನಾ?" ಅಂದ ಅನಿಯೆಲ್ಲೊ.

"ಎಳೀರೇ!" ಅಂತ ಅನಿಯೆಲ್ಲೊ ಮೇಲಕ್ಕೆ ಕೂಗಿದ.

ಮೇಲೆ ಅಸ್ಸುಂತಾ, ಅವಳ ಹಿಂದೆ ತಿತಿನಾ, ಇಬ್ಬರೂ ಎಳೆದರು. ಪೆಟ್ಟಿಗೆ ಮೆಲ್ಲನೆ ಏರಿತು. ಮೊದಲ ಮಹಡಿ ದಾಟಿತು. ಎರಡನೆಯದು ದಾಟಿತು. ಮೂರನೆಯದರ ಹತ್ತಿರ ಬಂದು, ಬಿಯಾಜೊನ ಕಿಟಕಿಯ ಎದುರಿಗೆ ಸರಿಯಾಗಿ ತೂಗತೊಡಗಿದಾಗ ಅನಿಯೆಲ್ಲೊ ಎರಡೂ ಕೈ ಎತ್ತಿ ಕೂಗಿದ:

"ನಿಲ್ಸು! ನಿಲ್ಸು! ಅಲ್ಲೇ ಇರ್ಲಿ ಸ್ವಲ್ಪ ಹೊತ್ತು!"

"ಯಾಕ್ರೀ?"

"ಸುಮ್ನೆ! ದಣಿವಾರಿಸ್ಕೊಳ್ಳಿ!"

"ಹಗ್ಗ ಹಿಡ್ಕೊಂಡು ದಣಿವಾರಿಸ್ಕೊಳ್ಳೋದು ಹೆಂಗ್ರೀ? ನನ್ನ ಕೈ ಬಿದ್ದು ಹೋಗ್ತಿದೆ!"

ಅನಿಯೆಲ್ಲೊನಿಗೆ ಅದೆಲ್ಲ ಕೇಳಿಸಲಿಲ್ಲ. ಅವನ ಕಣ್ಣು ಭಾವನ ಕಿಟಕಿಯ ಮೇಲಿತ್ತು. ಕಿಟಕಿ ತೆರೆದೇ ಇತ್ತು, ಆದರೆ ಮನುಷ್ಯನ ಪತ್ತೆಯಿಲ್ಲ. ಒಳಗಿಂದ ಹೊಲಿಗೆ ಯಂತ್ರದ ಸದ್ದು ಮಾತ್ರ. ಅನಿಯೆಲ್ಲೊ ಕೆಮ್ಮಿದ. ಮತ್ತೊಮ್ಮೆ ಕೆಮ್ಮಿದ. ಕೊನೆಗೆ ನಾಚಿಕೆ ಬಿಟ್ಟು, "ಭಾವಾ! ಓ ಭಾವಾ! ಕಿಟಕಿ ಹತ್ರ ಏನೋ ಬಂದಿದೆ ನೋಡಿ!" ಅಂತ ಅರಚಿದ.

ಹೊಲಿಗೆ ಯಂತ್ರ ನಿಂತಿತು. ಬಿಯಾಜೊ ಕಿಟಕಿಗೆ ಬಂದ. ಬಾಯಲ್ಲಿ ಏಳೆಂಟು ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಮಾತಾಡುವ ಹಾಗಿರಲಿಲ್ಲ. ಎದುರಿಗೆ ಗಾಳಿಯಲ್ಲಿ ತೂಗುತ್ತಿದ್ದ ಪೆಟ್ಟಿಗೆಯನ್ನು ಕಂಡ. ಅದರ ಮೇಲೆ ಬರೆದಿದ್ದ ಸಂಖ್ಯೆಯನ್ನು ಓದಿದ. ಅವನ ಕಣ್ಣು ದೊಡ್ಡದಾಯಿತು.

ಆ ಒಂದು ಕ್ಷಣ ಅನಿಯೆಲ್ಲೊ ಸ್ವರ್ಗದಲ್ಲಿದ್ದ.

ಆದರೆ ಬಿಯಾಜೊ ಒಳ್ಳೆಯವನು. ತಂಗಿಯ ಕೈಯಿಂದ ಹಗ್ಗ ಜಾರುತ್ತಿರುವುದನ್ನೂ, ಪೆಟ್ಟಿಗೆ ಗೋಡೆಗೆ ಬಡಿಯುವಂತೆ ತೂಗುತ್ತಿರುವುದನ್ನೂ ಕಂಡವನೇ ಸೊಂಟದ ತನಕ ಕಿಟಕಿಯಿಂದ ಹೊರಗೆ ಬಾಗಿ ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಭದ್ರವಾಗಿ ಹಿಡಿದುಕೊಂಡ. ಮೇಲೆ ಅಸ್ಸುಂತಾಳಿಗೆ ಹಗ್ಗ ಸಡಿಲವಾದದ್ದು ತಿಳಿಯಿತು. 'ಅಬ್ಬಾ, ಅಣ್ಣ ಹಿಡ್ಕೊಂಡ,' ಅಂತ ಹಗ್ಗ ಬಿಟ್ಟು ಕೈ ಕೊಡವಿಕೊಂಡಳು.

ಇಷ್ಟರವರೆಗೆ ಏನೂ ಕೆಟ್ಟಿರಲಿಲ್ಲ. ಬಿಯಾಜೊ ಪೆಟ್ಟಿಗೆಯನ್ನು ಮೆಲ್ಲನೆ ತನ್ನ ಕಿಟಕಿಯೊಳಕ್ಕೆ ಎಳೆದುಕೊಳ್ಳತೊಡಗಿದ. ಕೆಳಗೆ ನಿಂತ ಅನಿಯೆಲ್ಲೊನಿಗೆ ಕಂಡದ್ದು ಒಂದೇ: ತನ್ನ ಮೂವತ್ತನಾಲ್ಕು ಇಂಚು ಭಾವನ ಮನೆಯೊಳಗೆ ಹೋಗುತ್ತಿದೆ! ಮಗಳು ಹೋದ ಹಾಗೆಯೇ ಅದೂ ಹೋಗುತ್ತಿದೆ! ಅವನ ಎದೆಯಿಂದ ಒಂದು ಕೂಗು ಹೊರಟಿತು:

"ಭಾವಾ, ಕೈ ತೆಗೀರಿ! ಅದು ನಂದು!"

ಬಿಯಾಜೊ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಕೈ ತೆಗೆದ.

ಪೆಟ್ಟಿಗೆ ಮೊದಲು ತೊತೊನ್ನೊನ ಅಂಗಡಿಯ ಬಟ್ಟೆ ಚಪ್ಪರದ ಮೇಲೆ ಬಿತ್ತು. ಅಲ್ಲಿ ಒಂದು ಕ್ಷಣ ಕೂತು ಯೋಚಿಸಿತು. ಆಮೇಲೆ ಚಪ್ಪರ ಪರ್‍ರನೆ ಹರಿಯಿತು. ಪೆಟ್ಟಿಗೆ ಖಾಲಿ ಮೇಜಿನ ಮೇಲೆ ಬಿದ್ದು, ಅಲ್ಲಿಂದ ಕಲ್ಲುಹಾಸಿಗೆ ಉರುಳಿತು. ಒಳಗಿಂದ ಬಂದ ಸದ್ದು, ಮದುವೆ ಮನೆಯಲ್ಲಿ ಗಾಜಿನ ತಟ್ಟೆಗಳ ಅಟ್ಟಿಯೇ ಬಿದ್ದಾಗ ಬರುವಂಥದ್ದು.

ಗಲ್ಲಿಯವರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು.

"ಯಾರಿಗೂ ಏನೂ ಆಗ್ಲಿಲ್ಲ ತಾನೇ?" ಒರ್ಸೊಲಜ್ಜಿ ಕೇಳಿದಳು.

"ಇಲ್ಲಜ್ಜಿ."

"ದೇವರು ದೊಡ್ಡೋನು." ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಬೀನ್ಸಿನ ಬೋಗುಣಿ ಕೆಳಗಿಟ್ಟು, "ಹಾಗಾದ್ರೆ ಪೆನ್ಸಿಲ್ ತಗೊಂಬನ್ನಿ," ಅಂದಳು.

ಅವಳು ಪೆನ್ಸಿಲ್ ಕೇಳಿದ್ದು ಯಾಕೆಂದು ಅಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಗಲ್ಲಿಯಲ್ಲಿ ಏನೇ ನಡೆಯಲಿ, ಹುಟ್ಟಲಿ, ಸಾಯಲಿ, ಕನಸಲ್ಲಿ ಹಂದಿ ಕಾಣಲಿ, ಅದಕ್ಕೊಂದು ಅಂಕಿ ಇದೆ. ಒಂದರಿಂದ ತೊಂಬತ್ತರವರೆಗೆ ಲೋಕದಲ್ಲಿರುವುದೆಲ್ಲ ಹಂಚಿಹೋಗಿದೆ. ಆ ಅಂಕಿಯನ್ನು ಅದೇ ದಿನ ಲಾಟರಿಗೆ ಕಟ್ಟದಿದ್ದರೆ ಆದ ಘಟನೆ ದಂಡ. ಮೇಲಾಗಿ ಅಂದು ಶನಿವಾರ, ಸಂಜೆ ಎಂಟಕ್ಕೆ ಊರಿಗೆ ಐದರಂತೆ ಅಂಕಿ ಎತ್ತುವ ದಿನ; ಕಟ್ಟಿದ ಮೂರೂ ಬಂದರೆ ದುಡ್ಡು. ಒರ್ಸೊಲಜ್ಜಿಗೆ ತೊಂಬತ್ತೂ ಬಾಯಿಪಾಠ.

"ಬಿದ್ದದ್ದು ಐವತ್ತಾರು. ಅದರಲ್ಲಿ ಎರಡು ಮಾತಿಲ್ಲ," ಅಂದಳು ಅಜ್ಜಿ. "ನಾವೆಲ್ಲ ಬಾಯಿ ಬಿಟ್ಕೊಂಡು ನಿಂತ್ವಲ್ಲ, ಅದು ಬೆರಗು, ಎಪ್ಪತ್ತೆರಡು. ಇನ್ನು ಮೂರನೇದು..."

ಎಲ್ಲರೂ ಅನಿಯೆಲ್ಲೊನ ಕಡೆ ನೋಡಿದರು. ನೋಡಿ, ತಕ್ಷಣ ಬೇರೆ ಕಡೆ ನೋಡಿದರು.

"ಇಪ್ಪತ್ಮೂರು," ಅಂದ ತೊತೊನ್ನೊ, ಹರಿದ ಚಪ್ಪರವನ್ನು ನೋಡುತ್ತ.

ಇಪ್ಪತ್ತಮೂರು ಅಂದರೆ ಪೆದ್ದ.

ಅನಿಯೆಲ್ಲೊ ನೆಲದ ಮೇಲೆ ಪೆಟ್ಟಿಗೆಯ ಪಕ್ಕ ಕೂತಿದ್ದವನು ಎದ್ದುನಿಂತ. "ಯಾರಯ್ಯಾ ಇಪ್ಪತ್ಮೂರು? ಇದು ದುರದೃಷ್ಟ! ಹದಿನೇಳು! ದುರದೃಷ್ಟಕ್ಕೆ ಹದಿನೇಳು ಅಂತ ಹಾಲು ಕುಡಿಯೋ ಮಗೂಗೂ ಗೊತ್ತು!"

"ಕೈ ತೆಗೀರಿ ಅಂದೋನು ಯಾರಪ್ಪ?" ತೊತೊನ್ನೊ ಕೇಳಿದ.

"ಅದು... ಬಾಯಿತಪ್ಪಿ ಬಂತು!"

"ಮೂರನೇ ಮಹಡೀಲಿ ನಿಲ್ಸು ಅಂದೋನು?"

"ಅಜ್ಜೀ, ನೀವೇ ಹೇಳಿ. ಇದು ದುರದೃಷ್ಟಾನೋ, ಪೆದ್ದುತನಾನೋ?"

ಒರ್ಸೊಲಜ್ಜಿ ಬುಟ್ಟಿಯ ಹಗ್ಗವನ್ನು ಕೈಗೆತ್ತಿಕೊಂಡು ಎಳೆದು ನೋಡಿದಳು. ಅವಳ ಕಣ್ಣಿನಲ್ಲಿ ಕರುಣೆಯಿತ್ತು. "ಮಗಾ, ಹಗ್ಗ ಹರಿದಿದ್ರೆ ಹದಿನೇಳು. ಹಗ್ಗ ಗಟ್ಟಿಯಾಗೇ ಇದೆ," ಅಂದಳು.

ಬಿಯಾಜೊ ಪಿನ್ನುಗಳನ್ನು ಉಗುಳಿ ಇಳಿದು ಬಂದಿದ್ದ. ಅನಿಯೆಲ್ಲೊನ ಬೆನ್ನ ಮೇಲೆ ಕೈಯಿಟ್ಟು, "ಬೇಜಾರು ಮಾಡ್ಕೋಬೇಡ ಮಾರಾಯ. ನಿನ್ನ ನಷ್ಟ, ಅಂಕಿ ಮೇಲೆ ಮೊದಲ ಹಕ್ಕು ನಿಂದು. ಮನಸ್ಸು ಗಟ್ಟಿ ಮಾಡಿ ಇಪ್ಪತ್ಮೂರು ಆಡ್ಬಿಡು. ಬಂದ್ರೆ ಇನ್ನೊಂದು ಮಾನಿಟರ್ ಬರ್ತದೆ," ಅಂದ.

ಹೇಳಿದವನು ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದನೋ ಏನೋ. ಭಾವನ ಬಾಯಿಂದ ಬಂತಲ್ಲ! "ನಾನು ಹದಿನೇಳೇ ಆಡೋನು," ಅಂದ ಅನಿಯೆಲ್ಲೊ.

ಅಷ್ಟರಲ್ಲಿ ತಿತಿನಾ ಮೆಟ್ಟಿಲಿಳಿದು ಬಂದಳು. ಪೆಟ್ಟಿಗೆ ತೆರೆದು ನೋಡಿದಳು. ಪರದೆಯ ತುಂಬ ಜೇಡರ ಬಲೆಯ ಹಾಗೆ ಬಿರುಕು.

"ಅಪ್ಪಾ, ನಂಗೋಸ್ಕರ ತಂದಿದ್ದಾ?"

"ಮತ್ಯಾರಿಗೆ ಮಗಳೇ?"

"ಹಾಗಿದ್ರೆ ಮೆಟ್ಟಿಲ ಮೇಲೇ ತರ್ಬೋದಿತ್ತಲ್ಲ."

ಅನಿಯೆಲ್ಲೊ ಬಾಯಿ ತೆರೆದ, ಮುಚ್ಚಿದ. ದಿನವೆಲ್ಲ ಬಾಗಿಲು ತೆಗೆದು ಹಾಕುವವನಿಗೆ ಅದು ಅಭ್ಯಾಸ.

ಪೆಟ್ಟಿಗೆ ಹೊತ್ತು ಮತ್ತೆ ಅಂಗಡಿಗೆ ಹೋದ. ಹುಡುಗಿ ಒಳಗೆ ಇಣುಕಿ ನೋಡಿ, "ಎಷ್ಟು ಎತ್ತರದಿಂದ ಬಿತ್ತು ಸರ್?" ಅಂದಳು. ಬಿದ್ದ ಸಾಮಾನಿಗೆ ಬದಲಿ ಕೊಡಲಾಗುವುದಿಲ್ಲವೆಂದು ಮೆತ್ತಗೆ ತಿಳಿಸಿದಳು. ಅವನು ತಲೆಯಾಡಿಸಿ ಹೊರಡುವಾಗ ಅವಳು ಹಿಂದಿನಿಂದ ಕೂಗಿದಳು: "ಸರ್, ಮೂರನೇ ಮಹಡಿ ಅಂದ್ರಲ್ಲ? ಬಿದ್ದದ್ದಕ್ಕೆ ಐವತ್ತಾರು ತಾನೇ?"

ಲಾಟರಿ ಅಂಗಡಿಯ ಮುಂದೆ ಸಾಲು ಬೀದಿಯ ತಿರುವಿನ ತನಕ ಬೆಳೆದಿತ್ತು. ನೋಡಿದರೆ ಇಡೀ ಗಲ್ಲಿಯೇ ಅಲ್ಲಿದೆ. ಮೊಣಕಾಲು ನೋವೆಂದು ಮೂರು ವರ್ಷದಿಂದ ಮೂಲೆ ದಾಟದ ಒರ್ಸೊಲಜ್ಜಿ ಕೂಡ ಕುರ್ಚಿ ಸಮೇತ ಬಂದು ಕೂತಿದ್ದಾಳೆ. ಒಬ್ಬೊಬ್ಬರೂ ಕಿಂಡಿಗೆ ಬಗ್ಗಿ ಹೇಳುವುದು ಅವನಿಗೆ ಕೇಳುತ್ತಿತ್ತು: "ನಾಪೊಲಿ. ಐವತ್ತಾರು, ಎಪ್ಪತ್ತೆರಡು, ಇಪ್ಪತ್ಮೂರು." ಮತ್ತೆ: "ಐವತ್ತಾರು, ಎಪ್ಪತ್ತೆರಡು, ಇಪ್ಪತ್ಮೂರು." ಮೂವತ್ತು ಸಲ ಅವನು ಪೆದ್ದನೆಂದು ಸರ್ಕಾರಿ ಚೀಟಿಯಲ್ಲಿ ಅಚ್ಚಾಯಿತು. ಕೊನೆಗೆ ಅವನ ಸರದಿ ಬಂತು.

"ಐವತ್ತಾರು, ಎಪ್ಪತ್ತೆರಡು..."

"ಇಪ್ಪತ್ಮೂರು," ಅಂದ ಕಿಂಡಿಯವನು ತಾನೇ ಒತ್ತುತ್ತ.

"ಹದಿನೇಳು!"

ಕಿಂಡಿಯವನು ತಲೆಯೆತ್ತಿ ನೋಡಿದ. "ಓ... ನೀವೇನಾ ಅವರು?" ಅಂದು, ಗೌರವದಿಂದ ಅಂಕಿ ಬದಲಾಯಿಸಿದ.

ಎಂಟು ಗಂಟೆಗೆ ಎಲ್ಲರೂ ಹರಿದ ಚಪ್ಪರದ ಕೆಳಗೆ ಸೇರಿದರು. ತೊತೊನ್ನೊ ಅಂಗಡಿಯ ಟೀವಿಯನ್ನು ಬಾಗಿಲಿಗೆ ತಿರುಗಿಸಿದ. ನಾಪೊಲಿಯ ಸಾಲಿಗೆ ಬರುವಷ್ಟರಲ್ಲಿ ಗಲ್ಲಿಯಲ್ಲಿ ನೊಣ ಕೂಡ ಹಾರಲಿಲ್ಲ.

"ಎಪ್ಪತ್ತೆರಡು."

ಒರ್ಸೊಲಜ್ಜಿ ಜಪಸರ ಬಿಗಿಯಾಗಿ ಹಿಡಿದಳು.

"ಎಂಟು."

"ಐವತ್ತಾರು."

ಯಾರೋ ಕಿರುಚಿದರು, ಇನ್ಯಾರೋ ಅವರ ಬಾಯಿ ಮುಚ್ಚಿದರು.

"ನಲವತ್ತೊಂದು."

ಇನ್ನು ಉಳಿದದ್ದು ಒಂದೇ ಅಂಕಿ. ಅನಿಯೆಲ್ಲೊ ಎರಡೂ ಮುಷ್ಟಿ ಕಟ್ಟಿಕೊಂಡು, "ಹದಿನೇಳು, ಹದಿನೇಳು, ಸ್ವಾಮಿ, ಹದಿನೇಳು," ಅಂತ ಪಿಸುಗುಟ್ಟುತ್ತಿದ್ದ. ಅದು ದುಡ್ಡಿನ ಮಾತಾಗಿ ಉಳಿದಿರಲಿಲ್ಲ. ತಾನು ನತದೃಷ್ಟನೋ ಪೆದ್ದನೋ ಎಂದು ಮೇಲಿನಿಂದಲೇ ತೀರ್ಪು ಬರುವುದಿತ್ತು.

"ಇಪ್ಪತ್ತಮೂರು."

ಆಮೇಲೆ ಆದ ಗದ್ದಲವನ್ನು ಬಂದರಿನಲ್ಲಿದ್ದವರೂ ಕೇಳಿಸಿಕೊಂಡರಂತೆ. ಒರ್ಸೊಲಜ್ಜಿ ಕುರ್ಚಿಯ ಮೇಲೆ ನಿಂತುಬಿಟ್ಟಳು. ತೊತೊನ್ನೊ ಅಳುತ್ತ ಎಲ್ಲರಿಗೂ ಪುಕ್ಕಟೆ ಕಾಫಿ ಸುರಿದ. ಯಾರು ಯಾರೋ ಬಂದು ಅನಿಯೆಲ್ಲೊನ ಹಣೆಗೆ, ಕೆನ್ನೆಗೆ, ಬೋಳು ನೆತ್ತಿಗೆ ಮುತ್ತು ಕೊಟ್ಟರು. ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಗಲ್ಲಿಯ ಈ ತುದಿಯಿಂದ ಆ ತುದಿಗೆ ಮೆರೆಸಿದರು. "ಗಲ್ಲಿಗೊಬ್ಬ ಇಂಥೋನು ಇರ್ಬೇಕು ಕಣ್ರೋ!" ಅಂದರು. ಹೆಗಲ ಮೇಲೆ ಕೂತು ಅವನು ಎಣಿಸುತ್ತಿದ್ದ: ಆ ಕಿಟಕಿಯವರು ಗೆದ್ದರು, ಈ ಕಿಟಕಿಯವರು ಗೆದ್ದರು, ಭಾವನೂ ಗೆದ್ದ. ತನ್ನ ಮಾನಿಟರ್ ಬಿದ್ದು ಎಲ್ಲರ ಮನೆಯೂ ಎದ್ದಿತು. ನಿನ್ನೆಯವರೆಗೆ ಒಬ್ಬ ಭಾವನನ್ನು ಕಂಡು ಹೊಟ್ಟೆ ಉರಿದರೆ ಸಾಕಾಗಿತ್ತು. ಈಗ ಇಡೀ ಗಲ್ಲಿಗೆ ಉರಿಯಬೇಕು; ಅಷ್ಟು ದೊಡ್ಡ ಹೊಟ್ಟೆ ಎಲ್ಲಿಂದ ತರುವುದು?

ಕೆಳಗಿಳಿಸಿದಾಗ ಅಸ್ಸುಂತಾ ಎದುರಿಗೆ ನಿಂತಿದ್ದಳು. ಅವನು ತಲೆ ತಗ್ಗಿಸಿದ. "ನನ್ನಿಂದ ತಪ್ಪಾಯ್ತು ಕಣೇ. ಹದಿನೇಳು ಆಡ್ಬಿಟ್ಟೆ."

"ಗೊತ್ತು," ಅಂದಳು ಅಸ್ಸುಂತಾ. ಕುಪ್ಪಸದೊಳಗಿನಿಂದ ಮಡಿಸಿದ ಒಂದು ಚೀಟಿ ತೆಗೆದಳು. ಐವತ್ತಾರು, ಎಪ್ಪತ್ತೆರಡು, ಇಪ್ಪತ್ತಮೂರು.

"ನೀನು ಯಾವಾಗ..."

"ನೀವು ಅಂಗಡೀಲಿ ಅಂಗಲಾಚ್ತಿದ್ದಾಗ. ಹದಿನೆಂಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದೀನಿ. ಯಾವ ಅಂಕಿ ಆಡ್ಬೇಕು ಅಂತ ನಂಗೆ ಗೊತ್ತಿಲ್ವಾ?"

ಅನಿಯೆಲ್ಲೊ ಹೆಂಡತಿಯನ್ನು ಎತ್ತಿಕೊಂಡು ಎರಡು ಸುತ್ತು ತಿರುಗಿದ. ಪೆದ್ದನಾದರೇನು, ಗೆದ್ದ ಪೆದ್ದ! "ಸೋಮವಾರಾನೇ ಹೋಗೋಣ! ನಲವತ್ತು ಇಂಚಿಂದು ತರೋಣ! ನಾನೂ ತಿತಿನಾನೂ..."

"ಇಳಿಸ್ರೀ ನನ್ನ," ಅಂದಳು ಅಸ್ಸುಂತಾ. "ಚೀಟಿ ನಂದು. ತರೋಳೂ ನಾನೇ."

ಸೋಮವಾರ ಅವಳು ಅಣ್ಣನನ್ನು ಕರೆದುಕೊಂಡು ಹೋಗಿ ಮೂವತ್ತೆರಡು ಇಂಚಿನ ಮಾನಿಟರನ್ನೂ, ಅದಕ್ಕೆ ತಕ್ಕ ಅಗಲವಾದ ಮೇಜನ್ನೂ ಆರಿಸಿದಳು. ಎರಡೂ ಸದ್ದಿಲ್ಲದೆ ಮೆಟ್ಟಿಲು ಹತ್ತಿ ಬಂದವು. ಬಿಲ್ಲಿನ ಅಕ್ಷರ ಕಂಡಿತು. ಜರ್ಮನಿಯ ತಂಗಿಯ ಮುಖ ನಿಜವಾದ ಮುಖದಷ್ಟೇ ದೊಡ್ಡದಾಗಿ ಕಂಡಿತು. ತಿತಿನಾ ಮಾವನ ಮನೆಯಿಂದ ಅವತ್ತೇ ವಾಪಸು ಬಂದು, "ಅಮ್ಮಾ, ನೀನೂ ಒಂದ್ ಸಲ ಆಡಿ ನೋಡು," ಅಂದಳು.

ಅಸ್ಸುಂತಾ ಆಡಿ ನೋಡಿದಳು. ಬೀನ್ಸ್ ಸುಲಿಯುವ ಬೆರಳುಗಳಿಗೆ ಆ ಗುಂಡಿಗಳು ಒಂದು ಲೆಕ್ಕವೇ? ಮೂರೇ ದಿನದಲ್ಲಿ ಮಗಳಿಗೆ ಆರು ಗೋಲು ಹೊಡೆದಳು. ನಾಲ್ಕನೇ ದಿನದಿಂದ ಇಬ್ಬರೂ ಒಂದೇ ತಂಡ.

ಹಗ್ಗದ ರೈಲಿನಿಂದ ಮನೆಗೆ ಬಂದ ಅನಿಯೆಲ್ಲೊ ದಿನಾ ಸಂಜೆ ಎರಡು ಕುರ್ಚಿಗಳ ಹಿಂದೆ ನಿಲ್ಲುತ್ತಿದ್ದ. "ನಾನೂ ಸ್ವಲ್ಪ..." ಅಂದರೆ, "ಅಪ್ಪಾ, ಬೆಳಕಿಗೆ ಅಡ್ಡ ಬರ್ಬೇಡ," ಅನ್ನುತ್ತಿದ್ದಳು ಮಗಳು.

ಒಂದು ಸಂಜೆ ಎದುರು ಕಿಟಕಿಯಿಂದ ಬಿಯಾಜೊ ಮೆಲ್ಲನೆ ಕರೆದ: "ಅನಿಯೆಲ್ಲೊ, ಬಾರೋ. ಇಲ್ಲಿ ಕುರ್ಚಿ ಖಾಲಿ ಇದೆ."

ಹೋದ. ಇಬ್ಬರೂ ಇಪ್ಪತ್ತೇಳು ಇಂಚಿನ ಮುಂದೆ ಕೂತು ಆಡತೊಡಗಿದರು. ಆಟದ ಮೇಲೆ ಇಬ್ಬರಿಗೂ ಗಮನವಿರಲಿಲ್ಲ. ಕೆಳಗಿನ ಮಹಡಿಯಿಂದ ನಾಲ್ಕನೇ ಮಹಡಿಯೊಳಗೆ ಏನೂ ಕಾಣುವುದಿಲ್ಲ, ಚಾವಣಿಯಲ್ಲಿ ಕುಣಿಯುವ ಹಸಿರು ಬೆಳಕೊಂದು ಬಿಟ್ಟು. ಇಬ್ಬರೂ ಕತ್ತೆತ್ತಿ ಆ ಬೆಳಕನ್ನೇ ನೋಡುತ್ತಿದ್ದರು. ಒಮ್ಮೆಲೇ ಮೇಲಿನಿಂದ "ಗೋಲ್!" ಅಂತ ಕೂಗು ಬಂತು.

"ಯಾರು ಹೊಡೆದ್ರೋ?" ಅಂದ ಬಿಯಾಜೊ.

"ಯಾರಿಗೆ ಗೊತ್ತು ಭಾವ," ಅಂದ ಅನಿಯೆಲ್ಲೊ.

ಇಬ್ಬರೂ ಒಟ್ಟಿಗೇ ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಅಸ್ಸುಂತಾ ಕಿಟಕಿಗೆ ಬಂದು, ಕೆನ್ನೆಗೆ ಅಂಟಿದ ಕೂದಲನ್ನು ಹಿಂದೆ ತಳ್ಳಿ, ಕೆಳಗೆ ಬಗ್ಗಿದಳು.

"ಅಣ್ಣಾ! ಅವರಿಗೆ ಊಟಾನೂ ಅಲ್ಲೇ ಹಾಕ್ಬಿಡಿ. ನಮ್ದು ಇನ್ನೂ ಅರ್ಧ ಆಟ ಬಾಕಿ ಇದೆ!"

ಅಂದವಳೇ ಕಿಟಕಿಯ ಬಾಗಿಲು ಎಳೆದುಕೊಂಡಳು. ಚಾವಣಿಯ ಬೆಳಕೂ ಹೋಯಿತು.